ಅಮ್ಮನ ಸರದಿ ಬೇಡ, ಮಕ್ಕಳ ಸರದಿ ಇರಲಿ

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ. ನಮ್ಮ ಅತ್ತೆಗೆ 76 ವರ್ಷ. ಮೂರು ವರ್ಷದಿಂದ ಮರೆವು, ಡಿಮೆನ್ಶಿಯಾ ಅಂತ ಬೆಂಗಳೂರಿನಲ್ಲಿ ಹೇಳಿದ್ದಾರೆ. ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಅಂದರು. ಆಮೇಲೆ ನಡಿಗೆ ಕಮ್ಮಿಯಾಗುತ್ತಾ ಬಂದು ಈಗ ಇಬ್ಬರು ಹಿಡಿದುಕೊಂಡರೆ ಮಾತ್ರ ಏಳುತ್ತಾರೆ. ಮೂತ್ರ ಗೊತ್ತಾಗದೆ ಬಟ್ಟೆಯಲ್ಲೇ ಆಗುತ್ತದೆ. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ನಾವು ಇಲ್ಲಿ, ಮೈದುನ ಚಿಕ್ಕಬಳ್ಳಾಪುರದಲ್ಲಿ, ನಾದಿನಿ ಕೋಲಾರದಲ್ಲಿ, ಭಾವ ಬೆಂಗಳೂರಿನಲ್ಲಿ. ತಿಂಗಳಿಗೊಂದು ಮನೆ ಅಂತ ಸರದಿ ಮಾಡಿಕೊಂಡಿದ್ದೇವೆ. ಮನೆ ಬದಲಾದಾಗೆಲ್ಲ ಒಂದು ವಾರ ನಿದ್ದೆಯಿಲ್ಲ, ಕೂಗಾಟ. ರಾತ್ರಿ ಎದ್ದು ಕೂತು ತೆಲುಗಿನಲ್ಲಿ "ಹುಳಕ್ಕೆ ಸೊಪ್ಪು ಹಾಕಬೇಕು" ಅನ್ನುತ್ತಾರೆ. ನಾವು ರೇಷ್ಮೆ ಹುಳ ಸಾಕೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನು ಊಟ ಹಾಕಲ್ಲ ಅಂತ ಪಕ್ಕದ ಮನೆಯವರಿಗೆ ಹೇಳುತ್ತಾರೆ. ಭಾವ ಬಂದರೆ ಮಾತ್ರ ನೆಟ್ಟಗೆ ಮಾತಾಡುತ್ತಾರೆ. ಅವರು "ಅಮ್ಮ ಚೆನ್ನಾಗೇ ಇದ್ದಾಳಲ್ಲ" ಅಂತಾರೆ. ಈ ಸರದಿ ಸರಿಯಾ? ನಿದ್ದೆ ಮಾತ್ರೆ ಕೊಡಬಹುದಾ? ಹೋಂ ನರ್ಸ್ ಇಡೋಣವಾ? ಆಶ್ರಮ ಅಂದರೆ ಜನ ಏನಂತಾರೆ? ನನಗೂ ಸೊಂಟ ನೋವು ಶುರುವಾಗಿದೆ.

ಉತ್ತರ:

ನೀವು ಕೇಳಿದ್ದಕ್ಕೆ ಬರುವ ಮೊದಲು, ನೀವು ಕೇಳದೇ ಇರುವ ಒಂದು ವಿಷಯ ಹೇಳಬೇಕು. ಅತ್ತೆಯವರ ಮರೆವು ಮೂರು ವರ್ಷದ್ದು. ಕಾಲು ಸೋತಿದ್ದು ನಾಲ್ಕು ತಿಂಗಳಲ್ಲಿ. ಎರಡಕ್ಕೂ ಒಂದೇ ಕಾರಣ ಅಂತ ಮನೆಯವರೆಲ್ಲ ಒಪ್ಪಿಕೊಂಡುಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ.

ಡಿಮೆನ್ಶಿಯಾದಲ್ಲಿ ಹೆಚ್ಚಿನವರಿಗೆ ಇರುವುದು ಅಲ್ಝೈಮರ್ ಕಾಯಿಲೆ. ಅದರಲ್ಲಿ ನಡಿಗೆ ಹೋಗುವುದು ಸಾಮಾನ್ಯವಾಗಿ ಬಹಳ ಕೊನೆಗೆ. ಭಾವ ಬಂದಾಗ ನೆಟ್ಟಗೆ ಮಾತಾಡಬಲ್ಲವರು ಆ ಹಂತಕ್ಕೆ ಬಂದಿಲ್ಲ. ಇಷ್ಟು ಬೇಗ ಕಾಲು ಸೋತಿದ್ದರೆ ಬೇರೆ ಏನೋ ಇದೆ ಅಂತ ಹುಡುಕಬೇಕು. ಸಿಕ್ಕರೆ, ಅದರಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ.

ಮೊದಲನೆಯದು ತಲೆ. ವಯಸ್ಸಾದವರು ಬಿದ್ದಾಗ ತಲೆಬುರುಡೆಯ ಒಳಗೆ ಸಣ್ಣಗೆ ರಕ್ತ ಜಿನುಗಬಹುದು. ಅವತ್ತು ಏನೂ ಗೊತ್ತಾಗುವುದಿಲ್ಲ. ವಾರಗಳು ಕಳೆದ ಮೇಲೆ ನಡಿಗೆ ತೂಗಾಡುತ್ತದೆ, ಮಂಕು ಜಾಸ್ತಿಯಾಗುತ್ತದೆ. ಬಿದ್ದ ಮೇಲೆ ತಲೆಗೆ ಸಿ.ಟಿ. ಸ್ಕ್ಯಾನ್ ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ಇನ್ನೊಂದು ತೊಂದರೆಯೂ ಇದೆ. ಅದರಲ್ಲಿ ನಡಿಗೆ, ಮೂತ್ರ, ನೆನಪು ಮೂರೂ ಕೆಡುತ್ತವೆ. ಅದೂ ಇದೇ ಸ್ಕ್ಯಾನಿನಲ್ಲಿ ಕಾಣುತ್ತದೆ.

ಎರಡನೆಯದು ಸೊಂಟದ ಕೀಲು. ಅಲ್ಲಿನ ಸಣ್ಣ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗುವುದುಂಟು. ತೊಡೆಸಂದಿನಲ್ಲಿ ನೋವು ಅಂತ ಬಾಯಿಬಿಟ್ಟು ಹೇಳಲು ಇವರಿಗೆ ಆಗುವುದಿಲ್ಲ. ಎಬ್ಬಿಸಲು ಹೋದಾಗ ಕೂಗುತ್ತಾರೆ, ಕೈ ಕಚ್ಚುತ್ತಾರೆ. ಅದನ್ನು ನಾವು "ಹಠ" ಅಂದುಕೊಳ್ಳುತ್ತೇವೆ. ಕಾಲನ್ನು ಮೆಲ್ಲಗೆ ಒಳಕ್ಕೆ, ಹೊರಕ್ಕೆ ತಿರುಗಿಸಿದಾಗ ಮುಖ ಕಿವುಚಿದರೆ ಮತ್ತೆ ಚಿತ್ರ ತೆಗೆಸಿ.

ಮೂರನೆಯದು ಮಾತ್ರೆಗಳು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ತಲೆಸುತ್ತಿಗೆ ಅಂತ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಕೂಗಾಟಕ್ಕೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ – ಇವೆಲ್ಲ ಕೈಕಾಲನ್ನು ಬಿಗಿ ಮಾಡಬಲ್ಲವು. ಹೆಜ್ಜೆ ಚಿಕ್ಕದಾಗುತ್ತದೆ, ಕೂತಲ್ಲೇ ಕೂರುತ್ತಾರೆ. ಅಂಗಡಿಯಲ್ಲಿ ಸಿಗುವ ಕೆಲವು ನೆಗಡಿ ಮಾತ್ರೆಗಳೂ ಇಂಥವರಿಗೆ ಮಂಪರು, ಗೊಂದಲ ತರುತ್ತವೆ. ನಾಲ್ಕು ಮನೆ, ನಾಲ್ಕು ಊರಿನ ಡಾಕ್ಟರು ಅಂದಮೇಲೆ ಯಾರು ಯಾವುದನ್ನು ಕೊಟ್ಟರು, ಯಾವುದನ್ನು ನಿಲ್ಲಿಸಿದರು ಅನ್ನುವುದೇ ಕಳೆದುಹೋಗಿರುತ್ತದೆ. ಎಲ್ಲ ಮನೆಗಳಿಂದಲೂ ಚೀಟಿ, ಸ್ಟ್ರಿಪ್, ಬಾಟಲಿ, ಲೇಹ್ಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ನಿಮ್ಮಷ್ಟಕ್ಕೆ ಯಾವುದನ್ನೂ ದಿಢೀರ್ ನಿಲ್ಲಿಸಬೇಡಿ.

ರಕ್ತದಲ್ಲಿ ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ, ವಿಟಮಿನ್ ಡಿ ನೋಡಿಸಿ. ಬಿ12 ಕಡಿಮೆಯಾದರೆ ನೆನಪೂ ಕೆಡುತ್ತದೆ, ಕಾಲಿನ ನರವೂ ಸೋಲುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಲ್ಲಿ ಇದು ಜಾಸ್ತಿ. ಇನ್ನು ನಮ್ಮ ಭಾಗದ್ದೇ ಒಂದು ಮಾತು. ಬಾಗೇಪಲ್ಲಿ, ಪಾವಗಡದಂಥ ಕಡೆ ಆಳದ ಬೋರ್‌ವೆಲ್ ನೀರನ್ನೇ ಜೀವನವಿಡೀ ಕುಡಿದವರಲ್ಲಿ ಫ್ಲೋರೈಡ್ ಮೂಳೆಗೆ ಸೇರಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತು ಮರದಂತೆ ಬಿಗಿಯಾಗುತ್ತವೆ. ಕೆಲವರಲ್ಲಿ ಬೆಳೆದ ಮೂಳೆ ಬೆನ್ನುಹುರಿಯನ್ನೇ ಒತ್ತಿ ಕಾಲಿನ ಶಕ್ತಿ ಕಡಿಮೆ ಮಾಡುತ್ತದೆ. ಅತ್ತೆಯವರ ತವರು ಅಂಥ ಕಡೆಯದಾಗಿದ್ದು, ಅವರಿಗೆ ಕತ್ತು ತಿರುಗಿಸಲು ಮೊದಲಿಂದಲೂ ಆಗುತ್ತಿರಲಿಲ್ಲ ಅಂದರೆ ಡಾಕ್ಟರಿಗೆ ತಿಳಿಸಿ.

ಇದೆಲ್ಲ ನೋಡಿಸಿಯೂ ಏನೂ ಸಿಗದೇ ಹೋಗಬಹುದು. ಆಗ ಬಹಳ ಸಲ ಕಾರಣ ಸರಳ: ಬಿದ್ದ ಭಯಕ್ಕೆ ಮಲಗಿಸಿದರು, ಮಲಗಿದ್ದಕ್ಕೆ ಮಾಂಸಖಂಡ ಕರಗಿತು. ಈ ವಯಸ್ಸಿನಲ್ಲಿ ಹಾಸಿಗೆಯಲ್ಲಿ ಕಳೆದ ಕೆಲವೇ ವಾರಗಳಲ್ಲಿ ತೊಡೆಯ ಶಕ್ತಿ ಇಳಿದುಹೋಗುತ್ತದೆ. ಫಿಸಿಯೋಥೆರಪಿಯವರು ಬಂದು ದಿನಾ ಕೂರಿಸಿ ಎಬ್ಬಿಸುವ ಅಭ್ಯಾಸ ಮಾಡಿಸಿದರೆ ಇಬ್ಬರ ಆಸರೆ ಒಬ್ಬರಿಗೆ ಇಳಿಯಬಹುದು. ನಿಮ್ಮ ಮನೆಯ ಲೆಕ್ಕದಲ್ಲಿ ಅದು ಬಹಳ ದೊಡ್ಡ ಲಾಭ.

ಈಗ ಸರದಿಯ ವಿಷಯ. ತಿಂಗಳಿಗೊಂದು ಮನೆ ಅನ್ನುವುದು ನಮ್ಮ ಕಡೆ ನ್ಯಾಯವಾದ ಪಾಲು ಅಂತಲೇ ನಡೆದುಬಂದಿದೆ. ಬುದ್ಧಿ ನೆಟ್ಟಗಿರುವ ಅಪ್ಪ ಅಮ್ಮನಿಗೆ ಅದು ನಡೆದೀತು. ಡಿಮೆನ್ಶಿಯಾ ಇರುವವರಿಗೆ ಕೆಡುಕೇ ಜಾಸ್ತಿ. ಅವರು ಹೊಸದನ್ನು ನೆನಪಿಟ್ಟುಕೊಳ್ಳಲಾರರು. ಬಚ್ಚಲು ಎಡಕ್ಕೋ ಬಲಕ್ಕೋ, ಲೈಟಿನ ಸ್ವಿಚ್ ಎಲ್ಲಿ, ಈ ಮುಖ ಯಾರದು – ನಮಗೆ ಒಂದು ದಿನದಲ್ಲಿ ಗೊತ್ತಾಗುವುದು ಅವರಿಗೆ ಒಂದು ತಿಂಗಳಾದರೂ ಪೂರ್ತಿ ಕೂರುವುದಿಲ್ಲ. ಇನ್ನೇನು ಒಗ್ಗಿಕೊಂಡರು ಅನ್ನುವಷ್ಟರಲ್ಲಿ ಕಾರು ಬಂದು ನಿಲ್ಲುತ್ತದೆ. ನೀವು ಬರೆದ ಆ ಒಂದು ವಾರದ ಕೂಗಾಟಕ್ಕೆ ಮುಖ್ಯ ಕಾರಣ ಇದು ಅಂತಲೇ ನನ್ನ ಅಂದಾಜು. ಹಳೆಯ ಮನೆಯ ಬಚ್ಚಲು ಹುಡುಕಿಕೊಂಡು ಹೋಗಿ ಹೊಸ ಮನೆಯ ಗೋಡೆಗೆ ಢಿಕ್ಕಿ ಹೊಡೆದು ಬಿದ್ದವರನ್ನು ನಾನು ನೋಡುತ್ತಲೇ ಇರುತ್ತೇನೆ.

ಅತ್ತೆಯವರು ಒಂದೇ ಮನೆಯಲ್ಲಿ ಇರಲಿ. ಮಕ್ಕಳು ಪಾಳಿಯ ಮೇಲೆ ಬರಲಿ. ಯಾವ ಮನೆ? ಅವರು ಅತಿ ಹೆಚ್ಚು ವರ್ಷ ಬಾಳಿದ ಮನೆ. ಅದು ಶಿಡ್ಲಘಟ್ಟದ್ದೇ ಇರಬೇಕು ಅಂದುಕೊಳ್ಳುತ್ತೇನೆ. ಹಾಗಿದ್ದರೆ ಭಾರವೆಲ್ಲ ನಿಮ್ಮ ಮೇಲೇ ಬೀಳುತ್ತದೆ ಅನ್ನುವ ಹೆದರಿಕೆ ನಿಮಗೆ ಬರುವುದು ಸಹಜ. ಅದಕ್ಕೇ ಈ ಏರ್ಪಾಡಿನಲ್ಲಿ ಉಳಿದವರ ಪಾಲು ಏನು ಅಂತ ಮೊದಲೇ ಬಿಡಿಸಿ ಮಾತಾಡಬೇಕು, ಬರೆದಿಡಬೇಕು. "ಏನಾದ್ರೂ ಬೇಕಿದ್ರೆ ಹೇಳು" ಅನ್ನುವುದು ಪಾಲು ಅಲ್ಲ.

ಚಿಕ್ಕಬಳ್ಳಾಪುರ ನಿಮಗೆ ಹತ್ತಿರ. ಮೈದುನ ವಾರಕ್ಕೆ ಎರಡು ರಾತ್ರಿ ಬಂದು ತಾಯಿಯ ಕೋಣೆಯಲ್ಲೇ ಮಲಗಲಿ. ರಾತ್ರಿ ಪಾಳಿಯೇ ಎಲ್ಲಕ್ಕಿಂತ ಹೈರಾಣ ಮಾಡುವುದು. ಎರಡು ರಾತ್ರಿ ನಿದ್ದೆ ಸಿಕ್ಕರೆ ನಿಮ್ಮ ವಾರವೇ ಬೇರೆಯಾಗುತ್ತದೆ. ನಾದಿನಿ ತಿಂಗಳಿಗೆ ಒಂದು ವಾರ ಕೋಲಾರದಿಂದ ಬಂದು ಇರಲಿ, ಆ ವಾರ ಮನೆ ಪೂರ್ತಿ ಅವರ ಕೈಯಲ್ಲಿರಲಿ, ನೀವು ಬೇಕಾದಲ್ಲಿಗೆ ಹೋಗಿಬನ್ನಿ. ಭಾವನಿಗೆ ಬರಲು ಆಗದಿದ್ದರೆ ಖರ್ಚಿನ ದೊಡ್ಡ ಪಾಲು ಮತ್ತು ಆಸ್ಪತ್ರೆ, ಬ್ಯಾಂಕು, ಪೆನ್ಷನ್ನು ಅವರ ಹೊಣೆ. ಅತ್ತೆಯವರಿಗೆ ಕುಟುಂಬ ಪಿಂಚಣಿ ಬರುತ್ತಿದ್ದರೆ ಜೀವನ ಪ್ರಮಾಣ ಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಮಾಡಬಹುದು. ಬ್ಯಾಂಕಿನ ಮೆಟ್ಟಿಲು ಹತ್ತಿಸುವ ಕಷ್ಟ ಬೇಡ.

ದುಡ್ಡಿನ ಮಾತು ಬಂದಾಗ ನಿಮ್ಮ ದುಡಿಮೆಯನ್ನೂ ಲೆಕ್ಕಕ್ಕೆ ತನ್ನಿ. ನೀವು ಹೊಲಿಗೆಯೋ ರೀಲಿಂಗ್ ಕೆಲಸವೋ ಬಿಟ್ಟು ಮನೆಯಲ್ಲಿ ಕೂತಿದ್ದರೆ ಆ ನಷ್ಟ ನಿಮ್ಮೊಬ್ಬರದಲ್ಲ, ನಾಲ್ಕು ಜನದ್ದು. ಇದನ್ನು ಹೇಳಲು ಸೊಸೆಯಂದಿರು ನಾಚುತ್ತಾರೆ. ನಾಚಬೇಡಿ. ತಂದೆ ತಾಯಿಯ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಹೊಣೆ ಹೊರಿಸುವುದು ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳ ಮೇಲೆ. ಸೊಸೆ ಆ ಪಟ್ಟಿಯಲ್ಲಿಲ್ಲ. ಕೋರ್ಟಿಗೆ ಹೋಗಿ ಅಂತ ಅಲ್ಲ. ನಿಮ್ಮ ಗಂಡನೇ ತನ್ನ ಒಡಹುಟ್ಟಿದವರ ಮುಂದೆ ಈ ಮಾತು ಎತ್ತಬೇಕು, ನೀವಲ್ಲ. ಮತ್ತೆ ಆ ಮಾತುಕತೆಯಲ್ಲಿ ಜಮೀನಿನ ವಿಷಯ ತರಬೇಡಿ. ಆಸ್ತಿ ಮತ್ತು ಆರೈಕೆ ಒಂದೇ ಕೂಟದಲ್ಲಿ ಬಂದರೆ ಎರಡೂ ಮುರಿಯುತ್ತವೆ. ಈ ಸ್ಥಿತಿಯಲ್ಲಿ ಅವರಿಂದ ಯಾವ ಪತ್ರಕ್ಕೂ ಹೆಬ್ಬೆಟ್ಟು ಹಾಕಿಸಬೇಡಿ. ಅದು ಮುಂದೆ ನಿಲ್ಲುವುದೂ ಕಷ್ಟ.

ಒಂದೇ ಮನೆ ಸಾಧ್ಯವೇ ಇಲ್ಲ ಅನ್ನುವ ಕುಟುಂಬಗಳೂ ಇವೆ. ಹಾಗಾದರೆ ತಿಂಗಳ ಬದಲು ಆರು ತಿಂಗಳು ಮಾಡಿ. ಹಗಲಲ್ಲೇ ಕರೆದೊಯ್ಯಿರಿ. ಅದೇ ಹೊದಿಕೆ, ಅದೇ ತಟ್ಟೆ, ಅದೇ ಕಮೋಡ್ ಕುರ್ಚಿ ಜೊತೆಗೆ ಹೋಗಲಿ. ಹಳೆಯ ಮನೆಯವರು ಒಬ್ಬರು ಮೊದಲ ಮೂರು ದಿನ ಅಲ್ಲೇ ಉಳಿಯಲಿ.

ಭಾವನ ವಿಷಯ. ಅತ್ತೆಯವರು ನಾಟಕ ಮಾಡುತ್ತಿಲ್ಲ, ನೀವೂ ಸುಳ್ಳು ಹೇಳುತ್ತಿಲ್ಲ. ಅಪರೂಪಕ್ಕೆ ಬಂದವರ ಮುಂದೆ ಇವರು ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಒಂದೆರಡು ಗಂಟೆ ಚೆನ್ನಾಗಿ ಮಾತಾಡಬಲ್ಲರು. "ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ" ಎಂಬಂಥ ಮಾತು ಬಹಳ ಕಾಲ ಉಳಿಯುತ್ತದೆ. ಡಾಕ್ಟರ ಮುಂದೆಯೂ ಹೀಗೇ ಆಗುತ್ತದೆ. ಅವರು ಹೋದ ಮೇಲೆ ಸುಸ್ತಾಗಿ ರಾತ್ರಿಯೆಲ್ಲ ಗೊಂದಲ. ಇದನ್ನು ಮಾತಿನಲ್ಲಿ ವಾದಿಸಿ ಗೆಲ್ಲಲು ಆಗುವುದಿಲ್ಲ. ಭಾವ ಎರಡು ರಾತ್ರಿ ಒಬ್ಬರೇ ತಾಯಿಯ ಜೊತೆ ಇರಲಿ, ನೀವು ಆ ಎರಡು ದಿನ ಮನೆಯಲ್ಲಿ ಇರಬೇಡಿ.

"ಊಟ ಹಾಕಲ್ಲ" ಅನ್ನುವುದೂ ಕಾಯಿಲೆಯೇ. ತಿಂದಿದ್ದು ನೆನಪಿಲ್ಲ, ಆದ್ದರಿಂದ ತಿಂದೇ ಇಲ್ಲ. ಯಾರು ಹತ್ತಿರ ಇರುತ್ತಾರೋ ಅವರ ಮೇಲೇ ದೂರು ಬರುತ್ತದೆ. "ಈಗ ತಾನೇ ತಿಂದ್ರಲ್ಲ" ಅಂತ ವಾದ ಮಾಡಿದರೆ ಸಿಟ್ಟು ಏರುತ್ತದೆ. "ಆಯ್ತು, ಹಾಕ್ತೀನಿ" ಅಂದು ಅರ್ಧ ಬಾಳೆಹಣ್ಣು ಕೊಡಿ, ಸಾಕು. ಪಕ್ಕದ ಮನೆಯವರಿಗೆ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಹೇಳಿಬಿಡಿ. ಮುಚ್ಚಿಟ್ಟಷ್ಟೂ ಮಾತು ಬೆಳೆಯುತ್ತದೆ. ಅರವತ್ತಕ್ಕೆ ಅರಳು ಮರಳು ಅಂತ ಜನ ತಳ್ಳಿಹಾಕುತ್ತಾರೆ. ಆದರೆ ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಡಿಮೆನ್ಶಿಯಾ ಇರುವುದು ಸುಮಾರು ಏಳು ಮಂದಿಗೆ. ಉಳಿದವರಿಗೆ ಇಲ್ಲ. ವಯಸ್ಸಿನ ಸಹಜ ಗುಣವಾಗಿದ್ದರೆ ಎಲ್ಲರಿಗೂ ಬರಬೇಕಿತ್ತಲ್ಲವಾ?

ರಾತ್ರಿ ಹುಳಕ್ಕೆ ಸೊಪ್ಪು ಹಾಕುವ ಮಾತು ಓದಿ ನನಗೆ ಅವರ ಮೇಲೆ ಗೌರವ ಬಂತು. ಹುಳ ಸಾಕಿದ ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕುವುದು ಹೆಂಗಸರ ಕೆಲಸ. ಇಷ್ಟೆಲ್ಲ ಮರೆತರೂ ಆ ಜವಾಬ್ದಾರಿ ಅವರನ್ನು ಬಿಟ್ಟಿಲ್ಲ. "ಹುಳ ಎಲ್ಲಿದೆ, ಸುಮ್ನೆ ಮಲಗಿ" ಅನ್ನಬೇಡಿ. "ನಾನು ಹಾಕಿ ಬಂದೆ, ಚೆನ್ನಾಗಿ ತಿಂತಿವೆ" ಅನ್ನಿ. ತೆಲುಗಿನಲ್ಲೇ ಹೇಳಿ. ನಮ್ಮ ಗಡಿಭಾಗದ ಎಷ್ಟೋ ಮನೆಗಳಲ್ಲಿ ಹಿರಿಯರ ಮನೆಮಾತು ತೆಲುಗು. ಕಾಯಿಲೆ ಬೆಳೆದಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ಚಿಕ್ಕಂದಿನದು ಉಳಿಯುತ್ತದೆ. ಹಗಲು ಬಿಸಿಲಿನಲ್ಲಿ ಒಂದು ಗಂಟೆ ಕೂರಿಸಿ. ಅವರೆಕಾಯಿ ಬಿಡಿಸುವುದು, ಸೊಪ್ಪು ಸೋಸುವುದು, ಏನಾದರೂ ಕೈಗೆ ಕೊಡಿ. ಮಧ್ಯಾಹ್ನದ ಉದ್ದ ನಿದ್ದೆ, ಸಂಜೆಯ ಕಾಫಿ ಬಿಡಿಸಿ. ಸಂಜೆ ಕತ್ತಲಾಗುವ ಮೊದಲೇ ಲೈಟು ಹಾಕಿ, ನೆರಳುಗಳು ಅವರನ್ನು ಹೆದರಿಸುತ್ತವೆ.

ನಿದ್ದೆ ಮಾತ್ರೆ ಬೇಡ. ಅಲ್ಪ್ರಾಜೋಲಾಮ್ ಥರದವು ಗೊಂದಲ ಹೆಚ್ಚಿಸುತ್ತವೆ, ಮತ್ತೆ ಬೀಳಿಸುತ್ತವೆ. ಕೂಗಾಟಕ್ಕೆ ಕೊಡುವ ಬಲವಾದ ಮಾತ್ರೆಗಳು ಡಿಮೆನ್ಶಿಯಾ ಇರುವವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಅವರಿಂದ ಅವರಿಗೋ ಬೇರೆಯವರಿಗೋ ಅಪಾಯ ಅನ್ನುವಂತಿದ್ದರೆ ಮಾತ್ರ ತಜ್ಞರು ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಕೊಡುತ್ತಾರೆ. ನೆನಪಿಗೆ ಕೊಡುವ ಡೊನೆಪೆಜಿಲ್ ಕೆಲವರಲ್ಲಿ ಸ್ವಲ್ಪ ಕಾಲ ಅನುಕೂಲ ಮಾಡುತ್ತದೆ, ಕಾಯಿಲೆ ನಿಲ್ಲಿಸುವುದಿಲ್ಲ. ಮರೆವು ಪೂರ್ತಿ ವಾಸಿ ಮಾಡುತ್ತೇವೆ ಅಂತ ಹೇಳಿ ಮಾರುವ ಪುಡಿ, ಲೇಹ್ಯಗಳಿಗೆ ದುಡ್ಡು ಸುರಿಯಬೇಡಿ. ಆ ದುಡ್ಡಿಗೆ ಒಂದು ಕಮೋಡ್ ಕುರ್ಚಿ ಬರುತ್ತದೆ.

ಇನ್ನು ನಿಮ್ಮ ಸೊಂಟ. ಅತ್ತೆಯವರ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆಯುತ್ತಿದ್ದೀರಿ ಅನಿಸುತ್ತದೆ. ಎಲ್ಲರೂ ಹಾಗೇ ಮಾಡುತ್ತಾರೆ. ಅವರ ಭುಜ ಜಾರಬಹುದು, ನಿಮ್ಮ ಬೆನ್ನು ಹೋಗುತ್ತದೆ. ಮಂಚದ ಅಂಚಿಗೆ ಸರಿಸಿ ಕೂರಿಸಿ. ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಬೇಕು. ಕಾಲಿಗೆ ಸಾಕ್ಸ್ ಬೇಡ. ಅವರ ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ, ಹಿಡಿಯುವುದು ಅದನ್ನು. ನಿಮ್ಮ ಮೊಣಕಾಲನ್ನು ಮೆಲ್ಲಗೆ ಅವರ ಮೊಣಕಾಲಿಗೆ ಆನಿಸಿ. ಮೊದಲು ಅವರು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಮೇಲೆ "ಒಂದು, ಎರಡು, ಮೂರು" ಅಂತ ಹೇಳಿ, ಅವರು ಮಂಚವನ್ನು ಕೈಯಿಂದ ಒತ್ತಿದಾಗ ನೀವು ಜೊತೆಗೆ ಏಳಿ. ನಿಮ್ಮ ಮಂಡಿ ಬಾಗಲಿ, ಬೆನ್ನು ಬಾಗದಿರಲಿ. ಅವರು ಅರ್ಥ ಮಾಡಿಕೊಳ್ಳಲು ಸಮಯ ಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಿ ಕಾಯಿರಿ. ಮೂರು ಜನ ಮೂರು ಕಡೆಯಿಂದ ಕೂಗಿದರೆ ಅವರು ಹೆಪ್ಪುಗಟ್ಟಿ ನಿಲ್ಲುತ್ತಾರೆ. ಫಿಸಿಯೋ ಬಂದಾಗ ಇದನ್ನು ನೀವು, ನಿಮ್ಮ ಗಂಡ, ಮೈದುನ, ನಾದಿನಿ ಎಲ್ಲರೂ ಕಲಿಯಿರಿ. ಪಾಳಿಯಲ್ಲಿ ಬರುವವರೆಲ್ಲ ಒಂದೇ ಥರ ಎಬ್ಬಿಸಬೇಕು.

ಬಚ್ಚಲಿಗೆ ಎರಡು ಮೂರು ಗಂಟೆಗೊಮ್ಮೆ ನೀವೇ ಕರೆದೊಯ್ದರೆ ಬಟ್ಟೆ ಒದ್ದೆಯಾಗುವುದು ಕಮ್ಮಿಯಾಗುತ್ತದೆ. ಮೊದಲು ಮೂತ್ರದ ಸೋಂಕು, ಮಲಬದ್ಧತೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ನಮ್ಮ ಅನುಕೂಲಕ್ಕೆ ಅಂತ ಮೂತ್ರದ ನಳಿಕೆ ಹಾಕಿಸಬೇಡಿ, ಸೋಂಕಿಗೆ ದಾರಿ. ಮಂಚಕ್ಕೆ ಎತ್ತರದ ಕಟಕಟೆ ಹಾಕಿಸುವುದೂ ಬೇಡ. ಗೊಂದಲದಲ್ಲಿ ಅದನ್ನು ಹತ್ತಿ ಇಳಿಯಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಹೆಚ್ಚು ಹೊತ್ತು ಮಲಗಿರುವಂತಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ದಿನಾ ಸ್ನಾನದ ಹೊತ್ತಿನಲ್ಲಿ ಬೆನ್ನಿನ ಕೆಳಗೆ, ಹಿಮ್ಮಡಿ, ಸೊಂಟದ ಪಕ್ಕ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಆ ಭಾಗಕ್ಕೆ ಒತ್ತಡ ಬೀಳದಂತೆ ಮಲಗಿಸಿ.

ಊಟದ ಬಗ್ಗೆ ಒಂದೇ ಎಚ್ಚರಿಕೆ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ನುಂಗುವಾಗ ಕೆಮ್ಮು ಬರುವುದು, ಬಾಯಲ್ಲೇ ಇಟ್ಟುಕೊಳ್ಳುವುದು ಶುರುವಾಗಿದ್ದರೆ ಮುದ್ದೆ ನಿಲ್ಲಿಸಿ. ಅದೇ ರಾಗಿಯ ಗಟ್ಟಿ ಗಂಜಿ ಕೊಡಿ. ತೆಳ್ಳಗಿನ ನೀರು, ಸಾರಿಗಿಂತ ಇಂಥ ಗಂಜಿ ಹಲವರಿಗೆ ಸುಲಭವಾಗಿ ಇಳಿಯುತ್ತದೆ. ನೆಟ್ಟಗೆ ಕೂರಿಸಿ ತಿನ್ನಿಸಿ, ತಿಂದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಹೋಂ ನರ್ಸ್ ಇಡುವುದು ಒಳ್ಳೆಯದೇ. ದಿನವಿಡೀ ಇರುವ ದೂರದವರಿಗಿಂತ, ಬೆಳಗ್ಗೆ ನಾಲ್ಕು ಗಂಟೆ ಬರುವ ನಿಮ್ಮದೇ ಬೀದಿಯ, ತೆಲುಗು ಬಲ್ಲ ಹೆಂಗಸು ನನ್ನ ಮಟ್ಟಿಗೆ ಮೇಲು. ಸ್ನಾನ, ಎಬ್ಬಿಸುವುದು ಎರಡು ಕೆಲಸ ಕಲಿಸಿದರೆ ಸಾಕು. ಒಂದು ವಾರ ನೀವು ಜೊತೆಗಿದ್ದು ನೋಡಿ. ಒಡವೆ ಎತ್ತಿಡಿ. ಇಲ್ಲದಿದ್ದರೆ ಅತ್ತೆಯವರೇ ಎಲ್ಲೋ ಇಟ್ಟು ಮರೆತಾಗ ಆ ಬಡವಿಯ ಮೇಲೆ ಕಳ್ಳತನದ ಆರೋಪ ಬರುತ್ತದೆ.

ಆಶ್ರಮಕ್ಕೆ ಬಿಟ್ಟರೆ ಪಾಪ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಹುಣ್ಣಾಗಿ ಮಲಗುವುದಕ್ಕಿಂತ ಒಳ್ಳೆಯ ಆರೈಕೆ ಮನೆ ಮೇಲು. ಆದರೆ ಬಹಳ ವೃದ್ಧಾಶ್ರಮಗಳು ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವ ಜಾಗ ಬೇರೆ. ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ, ಕಟ್ಟಿಹಾಕುತ್ತಾರಾ, ಹೇಳದೆ ಬಂದರೆ ಒಳಗೆ ಬಿಡುತ್ತಾರಾ, ಈ ಮೂರನ್ನು ಕೇಳಿ. ನಿಮ್ಮ ಸೊಂಟ ಪೂರ್ತಿ ಬೀಳುವ ಮುಂಚೆ ಎರಡು ವಾರದ ಮಟ್ಟಿಗೆ ಬಿಟ್ಟು ನೋಡುವ ದಾರಿಯೂ ಇದೆ. ಹೊಸ ಜಾಗದ ಗೊಂದಲ ಅಲ್ಲೂ ಇರುತ್ತದೆ ಅನ್ನುವುದು ತಿಳಿದಿರಲಿ.

ಸರ್ಕಾರದ ಕಡೆಯಿಂದ ಸಿಗುವುದನ್ನೂ ಬಳಸಿಕೊಳ್ಳಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರುಮಾಡಿದಾಗ ಪ್ರಯೋಗಕ್ಕೆ ಆರಿಸಿಕೊಂಡ ಕಡೆಗಳಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳೂ ಇದ್ದವು. ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯದ ಕ್ಲಿನಿಕ್ ಯಾವ ದಿನ ಅಂತ ಮೈದುನ ಹೋಗಿ ಕೇಳಿ ಬರಲಿ. ಹಿರಿಯರ ಸಹಾಯವಾಣಿ 14567. ನಿಮಗೇ ಮನಸ್ಸು ಕುಗ್ಗಿ ಅಳು ಬರುವಂತಿದ್ದರೆ, ರಾತ್ರಿಯಾದರೂ ಸರಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಈ ಕೆಲವು ಲಕ್ಷಣ ಕಂಡರೆ ಪಾಳಿಯಲ್ಲಿ ಯಾರೇ ಇರಲಿ, ಉಳಿದವರನ್ನು ಕೇಳುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಒಂದೆರಡು ದಿನದಲ್ಲಿ ದಿಢೀರ್ ಅಂತ ಗೊಂದಲ ಹೆಚ್ಚಾದರೆ ಅಥವಾ ಸದಾ ತೂಕಡಿಸುತ್ತಿದ್ದರೆ, ಅದು ಡಿಮೆನ್ಶಿಯಾ ಬೆಳೆದದ್ದಲ್ಲ. ಸೋಂಕು, ನೀರು ಕಮ್ಮಿಯಾಗಿದ್ದು, ಹೊಸ ಮಾತ್ರೆ ಇಂಥ ಬೇರೆ ಕಾರಣ ಏನಾದರೂ ಇರುತ್ತದೆ. ಜ್ವರ, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಬಿದ್ದ ಮೇಲೆ ವಾಂತಿ, ಒಂದು ಹಗಲು ಪೂರ್ತಿ ಮೂತ್ರ ಆಗದಿರುವುದು – ಇವೂ ಹಾಗೆಯೇ. ಮಾತ್ರೆಗಳ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮಂಚದ ಪಕ್ಕವೇ ನೇತುಹಾಕಿ. ಹೋಗುವಾಗ ಅದನ್ನೇ ಕೈಗೆತ್ತಿಕೊಳ್ಳಿ.